ಹಿತ್ತಾಳೆ ಕೇಸ್ ತೊಳೆಯೋಕೆ ಸಣ್ಣ ಟಂಬ್ಲರ್: ನಾನು ತಪ್ಪಿಸಿದ ಲೆಕ್ಕ

ಶೂಟಿಂಗ್ ರೇಂಜ್ ಒಂದರಲ್ಲಿ, ಖಾಲಿ ತೋಟಾಗಳನ್ನು ಮತ್ತೆ ತುಂಬುವ ರೀಲೋಡಿಂಗ್ ರೂಮಿನಲ್ಲಿ ನನ್ನ ಕೆಲಸ. ಗುಂಡು ಹಾರಿದ ಮೇಲೆ ನೆಲಕ್ಕೆ ಬೀಳುವ ಖಾಲಿ ಹಿತ್ತಾಳೆ ಕೇಸ್‌ಗಳನ್ನು ಆರಿಸಿ, ಅಳತೆ ಪ್ರಕಾರ ಬೇರೆ ಮಾಡಿ, ತೊಳೆದು, ಒಂದೊಂದನ್ನೂ ನೋಡಿ ಮುಂದಿನ ಟೇಬಲ್‌ಗೆ ಕೊಡೋದು. ದೊಡ್ಡ ಟಂಬ್ಲರ್, ಅಂದರೆ ಕೇಸ್‌ಗಳನ್ನು ಹೊರಳಾಡಿಸಿ ಶುಚಿ ಮಾಡುವ ಮೆಷಿನ್, ಮೊದಲಿಂದಲೂ ಇತ್ತು. ಆದರೆ ನೂರು ಕೇಸ್ ಬಂದಾಗಲೂ ಅದನ್ನೇ ಓಡಿಸೋದು ದಂಡ. ಹಾಗಾಗಿ ಸಣ್ಣದೊಂದು ತರೋಣ ಅಂತಾಯ್ತು, ಆರಿಸುವ ಜವಾಬ್ದಾರಿ ನನಗೆ ಬಂತು.

ನಾನು ನೋಡಿದ್ದು ಒಂದೇ ಅಂಕಿ. ಡ್ರಮ್ಮಿಗೆ 3 ಪೌಂಡ್ ಅಂತ ಬರೆದಿತ್ತು, ಅಂದರೆ ಸುಮಾರು 1,360 ಗ್ರಾಂ. 9 ಎಂಎಂ ಕೇಸ್ ಒಂದು ಹೆಚ್ಚುಕಡಿಮೆ 4 ಗ್ರಾಂ ತೂಗುತ್ತದೆ. ಭಾಗಿಸಿದೆ, 340 ಬಂತು. ಧಾರಾಳ ಆಯ್ತು ಅಂದುಕೊಂಡೆ. ಮೊದಲ ದಿನ 250 ಕೇಸ್ ಹಾಕಿ, ಕೊಳೆ ಉಜ್ಜುವ ಸಣ್ಣ ಸ್ಟೀಲ್ ಪಿನ್ ಸುರಿದು, ನೀರು ತುಂಬಿ ಸ್ವಿಚ್ ಒತ್ತಿದೆ. ಹತ್ತು ನಿಮಿಷಕ್ಕೆಲ್ಲ ರಬ್ಬರ್ ಸುಟ್ಟ ವಾಸನೆ. ಬೆಲ್ಟ್ ಜಾರುತ್ತಿದೆ, ಡ್ರಮ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿದೆ, ಮೋಟಾರ್ ಮೇಲೆ ಕೈ ಇಡೋಕೆ ಆಗುತ್ತಿಲ್ಲ. ನಮ್ಮ ರೂಮಿನ ಹಿರಿಯರು ಬಂದು ಪ್ಲಗ್ ಕಿತ್ತರು. "ನೀರಿನ ತೂಕ ಸೇರಿಸಿದ್ಯೇನಪ್ಪ?" ಅಂತ ಕೇಳಿದರು. ನಾನು ನೀರನ್ನೂ ಸೇರಿಸಿರಲಿಲ್ಲ, ಪಿನ್ನನ್ನೂ ಸೇರಿಸಿರಲಿಲ್ಲ.

ಆ 3 ಪೌಂಡ್ ಅನ್ನೋದು ಒಳಗೆ ಹೋಗುವ ಎಲ್ಲದರ ಒಟ್ಟು ತೂಕ. ಪಿನ್ ಅರ್ಧ ಕಿಲೋ, ನೀರು ಅರ್ಧ ಲೀಟರ್ ಅಂತ ಹಿಡಿದರೆ ಹಿತ್ತಾಳೆಗೆ ಉಳಿಯೋದು 360 ಗ್ರಾಂ. ಅಂದರೆ 9 ಎಂಎಂ ಕೇಸ್ 90. ಪಾಯಿಂಟ್ 308 ರೈಫಲ್ ಕೇಸ್ ಒಂದೊಂದೇ 11 ಗ್ರಾಂ ಹತ್ತಿರ ಬರುತ್ತದೆ, ಅವು 30 ಹಿಡಿದರೆ ಹೆಚ್ಚು. ನಿಮಗೆ ಒಂದು ಸಲಕ್ಕೆ ಎಷ್ಟು ಕೇಸ್ ತೊಳೆಯಬೇಕು ಅಂತ ಮೊದಲು ತೂಕ ಮಾಡಿ, ಅದಕ್ಕೆ ಪಿನ್ನೂ ನೀರೂ ಕೂಡಿಸಿ, ಆಮೇಲೆ ಮೆಷಿನ್ ನೋಡಿ. ದಿನಾ 200 ದಾಟುತ್ತೆ ಅನ್ನೋದಾದರೆ 3 ಪೌಂಡಿನದು ಬೇಡವೇ ಬೇಡ, 15 ಪೌಂಡಿನ ಡ್ರಮ್ಮಿಗೆ ಹೋಗಿ. ಅದೂ ಟೇಬಲ್ ಮೇಲೆ ಕೂರುವಂಥದ್ದೇ.

ಒಣ ಟಂಬ್ಲರ್ ತಗೊಳ್ಳೋದಾ, ನೀರಿನದಾ ಅಂತ ತುಂಬಾ ಜನ ಕೇಳುತ್ತಾರೆ. ಒಣದು ಅಂದರೆ ಅದುರುವ ಬೋಗುಣಿ. ಒಳಗೆ ಮೆಕ್ಕೆಜೋಳದ ದಿಂಡಿನ ತರಿ ಅಥವಾ ಆಕ್ರೋಟಿನ ಚಿಪ್ಪಿನ ತರಿ ಹಾಕುತ್ತಾರೆ. ಚಿಪ್ಪು ಕೊಳೆ ಚೆನ್ನಾಗಿ ಕೀಳುತ್ತದೆ, ದಿಂಡು ಹೊಳಪು ಕೊಡುತ್ತದೆ. ಒಣಗಿಸುವ ತಾಪತ್ರಯ ಇಲ್ಲ, ಹೊರಗಿನ ಮಸಿ ಎರಡು ಮೂರು ಗಂಟೆಯಲ್ಲಿ ಹೋಗುತ್ತದೆ. ಕೇಸಿನ ತಳದಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಕೂರುವ ಗುಂಡಿ ಮಾತ್ರ ಪೂರ್ತಿ ಶುಚಿ ಆಗೋದಿಲ್ಲ. ಅದು ನನಗೆ ದೊಡ್ಡ ವಿಷಯ ಅಲ್ಲ. ನನಗೆ ಭಯ ಇರೋದು ಧೂಳಿನದು. ಸಾಮಾನ್ಯ ಪ್ರೈಮರ್‌ನಲ್ಲಿ ಸೀಸದ ಸಂಯುಕ್ತ ಇರುತ್ತದೆ, ಗುಂಡು ಹಾರಿದ ಮೇಲೆ ಆ ಸೀಸ ಮಸಿಯ ಜೊತೆ ಕೇಸ್ ಒಳಗೇ ಅಂಟಿಕೊಂಡು ಕೂರುತ್ತದೆ, ಮೆಷಿನ್ ಅದುರಿದಾಗ ಸಡಿಲವಾಗಿ ತರಿಗೆ ಸೇರುತ್ತದೆ, ನೀವು ಮುಚ್ಚಳ ತೆಗೆದು ಜರಡಿ ಹಿಡಿದ ತಕ್ಷಣ ಮುಖಕ್ಕೆ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವವರು ಇದನ್ನು ಹಗುರವಾಗಿ ತಗೋಬಾರದು. ಸೀಸ ಮೈಗೆ ಸೇರಿದರೆ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರಂತೂ ಬಟ್ಟೆ ಬದಲಿಸದೆ ಅವರನ್ನು ಎತ್ತಿಕೊಳ್ಳಲೂಬೇಡಿ.

ನೀರಿನ ಟಂಬ್ಲರ್‌ನಲ್ಲಿ ಆ ಸೀಸ ನೀರಿನಲ್ಲೇ ಉಳಿಯುತ್ತದೆ, ಗಾಳಿಗೆ ಏಳೋದಿಲ್ಲ. ಅದೊಂದೇ ಕಾರಣಕ್ಕೆ ನಾನು ನೀರಿನದನ್ನು ಹೇಳುತ್ತೇನೆ. ಆದರೆ ಆ ಕಪ್ಪು ನೀರನ್ನು ಅಡುಗೆ ಸಿಂಕ್‌ಗೆ, ಗಿಡಕ್ಕೆ ಸುರಿಯಬೇಡಿ. ನಾವು ಅದನ್ನು ಮುಚ್ಚಳದ ಕ್ಯಾನಿನಲ್ಲಿ ಬೇರೆ ಇಟ್ಟು, ಅಪಾಯಕಾರಿ ತ್ಯಾಜ್ಯ ಅಂತಲೇ ಕೊಡುತ್ತೇವೆ. ಕೈಗೆ ಗ್ಲೌಸ್ ಬೇಕೇ ಬೇಕು.

ಡ್ರಮ್ ಒಳಗೆ ಏನಿದೆ ಅಂತ ಕೈ ಹಾಕಿ ನೋಡಿ. ರಬ್ಬರ್ ಲೈನಿಂಗ್ ಇದ್ದರೆ ಸದ್ದು ಕಡಿಮೆ, ಕೇಸ್‌ಗೂ ಪೆಟ್ಟು ಕಡಿಮೆ. ಒಳಗೋಡೆ ಆರು ಮೂಲೆಯದಾಗಿದ್ದರೆ ಕೇಸ್‌ಗಳು ಮೇಲಕ್ಕೆ ಎತ್ತಿಕೊಂಡು ಹೋಗಿ ಹೊರಳುತ್ತವೆ. ನುಣ್ಣಗೆ ದುಂಡಗಿದ್ದರೆ ಸುಮ್ನೆ ತಳದಲ್ಲಿ ಜಾರುತ್ತಾ ಕೂರುತ್ತವೆ. ಬಾಯಿ ಅಗಲ ಇರಲಿ. ಬೆಲ್ಟ್ ಬಿಡಿಯಾಗಿ ಸಿಗುತ್ತಾ ಅಂತ ಕೊಳ್ಳುವ ಮೊದಲೇ ಕೇಳಿ.

ಬೆಲ್ಟ್ ಬದಲಿಸಿದ ಮೇಲೂ ನಾನು ಒಂದು ತಪ್ಪು ಮಾಡಿದೆ. ಡಿಶ್‌ವಾಶ್ ಜೊತೆ ಸ್ವಲ್ಪ ಸಿಟ್ರಿಕ್ ಆಸಿಡ್ ಹಾಕಿದರೆ ಕಂದು ಕಲೆ ಹೋಗುತ್ತದೆ, ಇಷ್ಟು ಸಣ್ಣ ಡ್ರಮ್ಮಿಗೆ ಒಂದು ಚಿಟಿಕೆ ಸಾಕು. ನಾನು ಒಂದು ಚಮಚ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತೆಗೆದರೆ ಕೇಸ್‌ಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಕೇಸ್ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಆಸಿಡ್ ಮೇಲ್ಪದರದ ಸತುವನ್ನು ತಿಂದು ತಾಮ್ರ ಉಳಿಸಿತ್ತು. ಒಂದು ಕೇಸ್ ಎತ್ತಿ ಬಾಯಿಯ ಅಂಚಿಗೆ ಉಗುರು ಆಡಿಸಿದೆ, ಚೂಪಾಗಿ ಹೊರಳಿದ ಒಂದು ತುಟಿ ಸಿಕ್ಕಿತು. ಗಂಟೆಗಟ್ಟಲೆ ಒಂದಕ್ಕೊಂದು ಬಡಿದು ಅಂಚು ಜಜ್ಜಿಹೋಗಿತ್ತು. ಆ ಬ್ಯಾಚನ್ನು ಗುಜರಿಗೆ ಹಾಕಿದೆವು. ಈಗ ಒಂದು ಗಂಟೆಗೆ ಟೈಮರ್ ಇಡುತ್ತೇನೆ, ತೆಗೆದು ನೋಡಿ ಬೇಕಾದರೆ ಮಾತ್ರ ಇನ್ನರ್ಧ ಗಂಟೆ.

ಅಮೋನಿಯಾ ಇರುವ ಬ್ರಾಸ್ ಪಾಲಿಶ್ ಮಾತ್ರ ಎಂದಿಗೂ ಬೇಡ, ಎಷ್ಟೇ ಹೊಳಪು ಬರಲಿ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳ ಕೇಸ್‌ಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ತೇವ, ಜೊತೆಗೆ ಹಿತ್ತಾಳೆಯನ್ನು ಎಳೆದು ಕೇಸ್ ಮಾಡುವಾಗ ಅದರೊಳಗೆ ಉಳಿದ ಬಿಗಿತ, ಮೂರೂ ಸೇರಿ ಬಿರುಕು ಅನ್ನೋದು ಖಚಿತವಾಗಿದ್ದು 1921ರಲ್ಲಿ. ಬಿರುಕು ಬಿಟ್ಟ ಕೇಸ್ ಗುಂಡು ಹಾರಿಸುವವರ ಮುಖದ ಹತ್ತಿರ ಸೀಳುವ ವಸ್ತು. ಇದರಲ್ಲಿ ರಾಜಿ ಇಲ್ಲ.

ಡ್ರಮ್ಮಿಗೆ ಹಾಕುವ ಮೊದಲು ಅಳತೆ ಬೇರೆ ಮಾಡೋದು ಮರೆಯಬೇಡಿ. 9 ಎಂಎಂ ಕೇಸ್ ಪಾಯಿಂಟ್ 40ರ ಒಳಗೆ, ಅದು ಪಾಯಿಂಟ್ 45ರ ಒಳಗೆ ಹೋಗಿ ಕೂತುಬಿಡುತ್ತದೆ, ಆಮೇಲೆ ಎರಡೂ ಶುಚಿ ಆಗೋದಿಲ್ಲ.

ತೊಳೆದಾದ ಮೇಲೆ ಬಿಸಿನೀರಲ್ಲಿ ಜಾಲಿಸಿ, ಟವೆಲ್ ಮೇಲೆ ಉರುಳಿಸಿ, ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ಯಾನ್ ಹಾಕುತ್ತೇನೆ. ಪ್ರೈಮರ್ ಗುಂಡಿಯಲ್ಲಿ ನೀರು ಕಣ್ಣಿಗೆ ಕಾಣದ ಹಾಗೆ ನಿಲ್ಲುತ್ತದೆ, ಅದಕ್ಕೇ ಮಾರನೇ ದಿನದವರೆಗೂ ಮುಟ್ಟೋದಿಲ್ಲ. ಒಣಗಿದ ಮೇಲೆ ಒಂದೊಂದನ್ನೂ ದೀಪಕ್ಕೆ ಹಿಡಿದು ಬಾಯಿಂದ ಒಳಗೆ ನೋಡುತ್ತೇನೆ. ನಮ್ಮ ಪಿನ್ನಿನ ದಪ್ಪ 1 ಮಿಲಿಮೀಟರ್, ಪ್ರೈಮರ್‌ನ ಕಿಡಿ ಕೇಸ್ ಒಳಗೆ ಹೋಗುವ ತಳದ ತೂತು 2 ಮಿಲಿಮೀಟರ್. ಒಂದು ಪಿನ್ ಜಾರಿ ಹೊರಗೆ ಬರುತ್ತದೆ, ಎರಡು ಒಟ್ಟಿಗೆ ಬಂದರೆ ಅಲ್ಲೇ ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ತಳದಲ್ಲಿ ದುಂಡಗೆ ಬೆಳಕು ಕಂಡರೆ ಸರಿ. ಬೆಳಕು ಕಾಣದಿದ್ದರೆ, ಅರ್ಧಚಂದ್ರದಂತೆ ಕಂಡರೆ, ಅದನ್ನು ಪಕ್ಕಕ್ಕಿಟ್ಟು ಇಕ್ಕಳ ತಗೊಳ್ಳುತ್ತೇನೆ.