ಸಾಮೆ ತೀರಾ ಬೆಳ್ಳಗಿದ್ದರೆ ಒಂದು ಮಾತು ಕೇಳಿ

ನಾನು ತುಮಕೂರು ಕಡೆಯ ಒಂದು ಸಣ್ಣ ಸಿರಿಧಾನ್ಯ ಮಿಲ್ಲಿನಲ್ಲಿ ಕೆಲಸ ಮಾಡುತ್ತೇನೆ. ನವಣೆ, ಸಾಮೆ, ಊದಲು, ಹಾರಕ, ಕೊರಲೆ, ಬರಗು ಎಲ್ಲವೂ ನಮ್ಮಲ್ಲಿಗೆ ಬರುತ್ತವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿದ ಮೇಲೆ ಈ ಹೆಸರುಗಳನ್ನು ಪಟಪಟ ಹೇಳುವ ಗಿರಾಕಿಗಳು ಜಾಸ್ತಿ ಆಗಿದ್ದಾರೆ. ಮಿಲ್ಲಿನೊಳಗೆ ಕಾಳಿಗೆ ಏನಾಗುತ್ತದೆ ಅಂತ ಕೇಳುವವರು ಮಾತ್ರ ಕಮ್ಮಿ. ಗುಣ ಉಳಿಯುವುದೋ ಹೋಗುವುದೋ ತೀರ್ಮಾನ ಆಗುವುದು ಅಲ್ಲೇ ಅಲ್ವಾ?

ರಾಗಿಯನ್ನು ಹಾಗೇ ಬೀಸಿಸಬಹುದು. ಈ ಆರಕ್ಕೂ ಗಟ್ಟಿ ಹೊಟ್ಟು ಇರುತ್ತದೆ, ತೆಗೆಯಲೇಬೇಕು. ಹಾರಕದ್ದಂತೂ ಪದರದ ಮೇಲೆ ಪದರ, ನಮ್ಮ ತಾಳ್ಮೆ ಪರೀಕ್ಷೆ ಮಾಡುವ ಕಾಳು. ಹೊಟ್ಟು ಹೋದ ಮೇಲೂ ಮೈಗೆ ತೆಳ್ಳಗೆ ತೌಡು ಅಂಟಿಕೊಂಡಿರುತ್ತದೆ. ನಾರು, ಕಬ್ಬಿಣ, ಬಿ ವಿಟಮಿನ್‌ಗಳಲ್ಲಿ ದೊಡ್ಡ ಪಾಲು ಅದರಲ್ಲಿದೆ. ಇನ್ನೊಂದು ಸುತ್ತು ಪಾಲಿಶ್ ಕೊಟ್ಟರೆ ಕಾಳು ಬೆಳ್ಳಗಾಗುತ್ತದೆ, ತೌಡು ದನಗಳ ಪಾಲಾಗುತ್ತದೆ.

ಅಂಗಡಿಯವರನ್ನು ಸುಮ್ನೆ ಬೈಯುವ ಹಾಗಿಲ್ಲ. ತೌಡಿನಲ್ಲಿ ಎಣ್ಣೆ ಅಂಶ ಇರುವುದರಿಂದ ಬೇಸಿಗೆಯಲ್ಲಿ ಬೇಗ ಕಮಟು ವಾಸನೆ ಬರುತ್ತದೆ, ಹುಳುವೂ ಹಿಡಿಯುತ್ತದೆ. ನಷ್ಟ ಅವರಿಗೇ. ಜೊತೆಗೆ ಗಿರಾಕಿ ಕೈ ಹಾಕುವುದೂ ಬಿಳಿ ಕಾಳಿಗೇ.

ಅದಕ್ಕೇ ಮೇಳಗಳ ಮಳಿಗೆಯಲ್ಲಿ ನಾನು ಭಾಷಣ ಬಿಟ್ಟು ಎರಡು ತಟ್ಟೆ ಇಡುತ್ತೇನೆ. ಒಂದರಲ್ಲಿ ಬರೀ ಹೊಟ್ಟು ತೆಗೆದ ಸಾಮೆ, ಇನ್ನೊಂದರಲ್ಲಿ ಪಾಲಿಶ್ ಆದದ್ದು.

“ಇದ್ಯಾಕಣ್ಣ ಇಷ್ಟು ಮಾಸಲು, ಹಳೇದಾ?”

“ಇಲ್ಲಮ್ಮ, ಅದೇ ತೌಡು. ಅದಕ್ಕೇ ನೀವು ದುಡ್ಡು ಕೊಡ್ತಿರೋದು.”

ಮುಂದಿನ ಪ್ರಶ್ನೆ ಗ್ಯಾರಂಟಿ: ಶುಗರ್ ವಾಸಿ ಆಗುತ್ತಾ? ಆಗಲ್ಲ ಅಂತ ನೇರವಾಗಿ ಹೇಳುತ್ತೇನೆ. ಇವುಗಳಲ್ಲೂ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನಾರು ಇದ್ದರೆ ಸಕ್ಕರೆ ನಿಧಾನಕ್ಕೆ ಏರುತ್ತದೆ, ಅಷ್ಟೇ. ತಟ್ಟೆ ತುಂಬ ಬಡಿಸಿಕೊಂಡರೆ ಆ ಲಾಭವೂ ಇಲ್ಲ. ಅನ್ನ ಕಮ್ಮಿ, ಸೊಪ್ಪು-ಬೇಳೆ ಜಾಸ್ತಿ ಇರಲಿ. ಮಾತ್ರೆ ನಿಲ್ಲಿಸುವ ಮಾತು ಡಾಕ್ಟರ ಹತ್ತಿರ ಆಡಿ, ನನ್ನ ಹತ್ತಿರ ಬೇಡ. ಹೀಗೆ ಹೇಳಿದರೆ ಕೆಲವರು ಮುಂದಿನ ಮಳಿಗೆಗೆ ನಡೆದುಬಿಡುತ್ತಾರೆ. ಉಳಿದವರು ಎಷ್ಟು ಹೊತ್ತು ನೆನೆಸಬೇಕು, ಎಷ್ಟು ನೀರು ಅಂತ ಕೇಳುತ್ತಾರೆ. ಮತ್ತೆ ಬರುವವರು ಇವರೇ.

ಐದು ಕೆಜಿ ಕೇಳಿದವರಿಗೆ ತಿಂಗಳಿಗೆ ಆಗುವಷ್ಟು ಮಾತ್ರ ಒಯ್ಯಿರಿ ಅನ್ನುತ್ತೇನೆ. ನಮ್ಮ ಮಾಲೀಕರ ಮುಖ ಮೊದಲು ಸಣ್ಣಗಾಗುತ್ತಿತ್ತು. ಕಮಟು ಹಿಡಿದು ವಾಪಸ್ ಬರುವುದಕ್ಕಿಂತ ವಾಸಿ ಅಂತ ಈಗೀಗ ಅವರೇ ಹೇಳುತ್ತಾರೆ.