ಬಾಣಂತಿ ದೆವ್ವದ ಹೆಸರಿನ ಊರಿನಲ್ಲಿ

ರಂಜಾನ್ ಹಬ್ಬದ ಹಿಂದಿನ ದಿನ ಪೊಂಟಿಯಾನಕ್‌ನಲ್ಲಿ ಇಳಿದೆ. ಇದು ಇಂಡೊನೇಷ್ಯಾದ ಪಶ್ಚಿಮ ಕಾಲಿಮಂತಾನ್‌ನ ದೊಡ್ಡ ಊರು, ಸರಿಯಾಗಿ ಭೂಮಧ್ಯರೇಖೆಯ ಮೇಲಿದೆ. ಗೆರೆ ತೋರಿಸಲು 1928ರಲ್ಲಿ ಕಟ್ಟಿದ ಕಂಬವೂ ಇದೆ. ಅದನ್ನು ಬೇಗ ನೋಡಿ ಮುಗಿಸಿದೆ. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಊರಿನ ಹೆಸರು.

ಮಲಯ್ ಜನರಿಗೆ ಪೊಂಟಿಯಾನಕ್ ಅಂದರೆ ಹೆರಿಗೆಯಲ್ಲಿ ಸತ್ತು ದೆವ್ವವಾದ ಹೆಂಗಸು. ಇಂಡೊನೇಷ್ಯಾದಲ್ಲಿ ಅವಳನ್ನು ಕುಂತಿಲಾನಕ್ ಅಂತಲೂ ಕರೆಯುತ್ತಾರೆ. ಬಿಳಿ ಬಟ್ಟೆ, ಬಿಚ್ಚಿದ ಕೂದಲು. ರಕ್ತ ಹೀರುತ್ತಾಳೆ. ಬಾಳೆಗಿಡದಲ್ಲಿ ಇರುತ್ತಾಳೆ. ಅವಳು ಬಂದರೆ ದೇವಕಣಗಿಲೆ ಹೂವಿನ ವಾಸನೆ ಬರುತ್ತದಂತೆ. ಅಳು ಜೋರಾಗಿ ಕೇಳಿದರೆ ದೂರದಲ್ಲಿದ್ದಾಳೆ, ಮೆಲ್ಲಗೆ ಕೇಳಿದರೆ ಪಕ್ಕದಲ್ಲೇ ಇದ್ದಾಳೆ. "ಆನಕ್" ಅಂದರೆ ಮಗು. ಹೆಸರಿನಲ್ಲೇ ಕೂಸಿದೆ, ಅಲ್ವಾ?

ಸಂಜೆ ಸಣ್ಣ ದೋಣಿಯಲ್ಲಿ ಕಪುವಾಸ್ ನದಿ ದಾಟಿದೆ. ಆಚೆ ದಡದಲ್ಲಿ ಹಳದಿ ಬಣ್ಣದ ಮರದ ಅರಮನೆ, ಅದರ ಹತ್ತಿರ ಹಳೆಯ ಮಸೀದಿ. 1771ರಲ್ಲಿ ಸೈಯದ್ ಮನೆತನದ ಷರೀಫ್ ಅಬ್ದುರ್ರಹಮಾನ್ ಈ ಊರು ಕಟ್ಟಿದ. ಆಗ ಇಲ್ಲಿ ಬರೀ ಕಾಡು. ರಾತ್ರಿಯೆಲ್ಲ ಈ ದೆವ್ವಗಳು ಕಾಡಿದವಂತೆ. ಆತ ಫಿರಂಗಿ ಹಾರಿಸಿ ಓಡಿಸಿದನಂತೆ. ಗುಂಡು ಬಿದ್ದ ಜಾಗದಲ್ಲಿ ಊರು ಎದ್ದಿತು ಅನ್ನುತ್ತಾರೆ. ಓಡಿಸಿದವಳ ಹೆಸರನ್ನೇ ಊರು ಉಳಿಸಿಕೊಂಡಿದೆ, ನನಗೆ ಅದು ತುಂಬ ಇಷ್ಟವಾಯಿತು.

ಅವಳ ಕತ್ತಿನ ಹಿಂದೆ ಮೊಳೆ ಹೊಡೆದರೆ ಚೆಂದದ, ಮಾತು ಕೇಳುವ ಹೆಂಡತಿಯಾಗುತ್ತಾಳೆ ಅನ್ನುವ ಕತೆ ಇದೆ. ಮೊಳೆ ಕಿತ್ತರೆ ಮತ್ತೆ ದೆವ್ವ. ಈ ಮಾತು ನನಗೆ ಹಿಡಿಸಲೇ ಇಲ್ಲ. ಮನಸ್ಸಿಗೆ ತಟ್ಟಿದ್ದು ಬೇರೆ. ಹಿಂದೆ ಹೆರಿಗೆಯಲ್ಲಿ ಸತ್ತವಳನ್ನು ಹೂಳುವಾಗ ಬಾಯಿಗೆ ಗಾಜಿನ ಮಣಿ, ಕಂಕುಳಿಗೆ ಕೋಳಿಮೊಟ್ಟೆ, ಅಂಗೈಗೆ ಸೂಜಿ ಇಡುತ್ತಿದ್ದರಂತೆ. ಮಣಿ ಇದ್ದರೆ ಕಿರುಚಲಾರಳು. ಕೈ ಎತ್ತಿದರೆ ಮೊಟ್ಟೆ ಬೀಳುತ್ತದೆ, ಹಾಗಾಗಿ ಹಾರಲಾರಳು. ಸತ್ತ ಮೇಲೂ ತಾಯಿ ಕಂಕುಳಲ್ಲಿರುವುದನ್ನು ಬೀಳಿಸುವುದಿಲ್ಲ ಅಂತ ಅವರಿಗೆ ಗೊತ್ತಿತ್ತೇನೋ. ನಮ್ಮ ಚಿಕ್ಕಮ್ಮನ ಬಾಣಂತನದಲ್ಲಿ ಅಜ್ಜಿ ದಿಂಬಿನ ಕೆಳಗೆ ಕುಡುಗೋಲು ಇಡುತ್ತಿದ್ದಳು. ಯಾಕೆ ಅಂತ ಕೇಳಿದರೆ ಬಾಯಿ ಮುಚ್ಚಿಸುತ್ತಿದ್ದಳು. ಅಲ್ಲೂ ಕಬ್ಬಿಣ, ಇಲ್ಲೂ ಕಬ್ಬಿಣ. ಎರಡು ಕಡೆಯೂ ಅದೇ ಹೆದರಿಕೆ.

ಕತ್ತಲಾದ ಮೇಲೆ ದಡದಲ್ಲಿ ಫಿರಂಗಿಗಳು ಶುರುವಾದವು. ದಪ್ಪ ಮರದ ದಿಮ್ಮಿ ಕೊರೆದು, ಒಳಗೆ ಕಾರ್ಬೈಡ್ ಮತ್ತು ನೀರು ಹಾಕಿ, ಗ್ಯಾಸ್ ತುಂಬಿದಾಗ ಬೆಂಕಿ ಮುಟ್ಟಿಸುತ್ತಾರೆ. ಹಬ್ಬದ ಹಿಂದಿನ ರಾತ್ರಿ ಪ್ರತಿ ವರ್ಷ ಹೀಗೇ. ಢಂ ಅಂದಾಗ ಕಾಲಡಿಯ ಹಲಗೆ ನಡುಗಿತು, ಎದೆಯೂ ನಡುಗಿತು. ನನ್ನ ಪಕ್ಕದಲ್ಲಿ ಒಬ್ಬ ತಾಯಿ ಕೂತಿದ್ದಳು. ಪ್ರತಿ ಸಲ ಬೆಂಕಿ ಹತ್ತಿರ ಬಂದಾಗಲೂ, ತನ್ನ ಕಿವಿ ಹಾಗೇ ಬಿಟ್ಟು, ಮಡಿಲಲ್ಲಿದ್ದ ಕೂಸಿನ ಕಿವಿಗಳನ್ನು ಎರಡೂ ಅಂಗೈಯಿಂದ ಮುಚ್ಚುತ್ತಿದ್ದಳು.