ಬಳಪದಲ್ಲಿ ಗಿಮಿಲಿಯೋ ಕಲ್ವಾರಿ: ಐದನೇ ತಿಂಗಳು

ಕಲ್ವಾರಿ ಅಂದ್ರೆ ಯೇಸುವಿನ ಶಿಲುಬೆ, ಸುತ್ತ ವಿಗ್ರಹ ಇರೋ ಕಲ್ಲಿನ ಸ್ಮಾರಕ, ಗಿಮಿಲಿಯೋದ್ದರ ಪುಟ್ಟ ಮಾದರಿ ಬಳಪದಲ್ಲಿ ಮಾಡ್ತಿದೀನಿ. ಹೋದ ಸಲ ಬರೆದಾಗ ಕಟ್ಟೆ ಮಾತ್ರ ಮುಗಿದಿತ್ತು, ಈಗ ಕೆಳಗಿನ ಸಾಲಲ್ಲಿ 31 ಗೊಂಬೆ ಕೂತಿವೆ, ಒಂದೊಂದೂ ಎರಡು ಸೆಂಟಿಮೀಟರ್ ಎತ್ತರ.

ಹೊಸದಾಗಿ ಓದ್ತಿರೋರಿಗೆ ಹೇಳ್ಬಿಡ್ತೀನಿ. ಗಿಮಿಲಿಯೋ ಅಂದ್ರೆ ಫ್ರಾನ್ಸಿನ ಪಶ್ಚಿಮದ ತುದೀಲಿ, ಬ್ರಿಟನಿಯ ಒಂದು ಸಣ್ಣ ಹಳ್ಳಿ, ಅಲ್ಲಿನ ಚರ್ಚಿನ ಅಂಗಳದಲ್ಲಿ 1581ರಿಂದ 1588ರ ತನಕ ಕೆತ್ತಿದ ಕಲ್ವಾರಿ ಇದೆ. ಎಂಟು ಮೂಲೆಯ ಕಲ್ಲಿನ ಕಟ್ಟೆ, ಅದಕ್ಕೆ ಆನಿಕೊಂಡ ಹಾಗೆ ಕಮಾನಿರೋ ನಾಲ್ಕು ಕಂಬ, ಮೇಲೆ ಒಂದೇ ಶಿಲುಬೆ, ಸುತ್ತ ಯೇಸುವಿನ ಕಥೆ ಹೇಳೋ ಸುಮಾರು 200 ವಿಗ್ರಹ. ಇಷ್ಟು ಚಿಕ್ಕ ಊರಲ್ಲಿ ಇಷ್ಟು ದೊಡ್ಡ ಕೆಲಸ ಹೇಗೆ ಅಂದ್ರೆ, ಅಗಸೆ ನಾರಿನ ಬಟ್ಟೆ. ಆ ಕಾಲದಲ್ಲಿ ಈ ಸುತ್ತಿನ ರೈತರೇ ನಾರು ತೆಗೆದು ನೇಯಿಸಿ ಮಾರ್ಲೇ ಬಂದರಿಂದ ಇಂಗ್ಲೆಂಡಿಗೆ ಮಾರ್ತಿದ್ರು, ಬಂದ ದುಡ್ಡಲ್ಲಿ ಊರಿಗೊಂದು ಇಂಥ ಚರ್ಚಿನ ಅಂಗಳ ಕಟ್ಟಿಸಿದ್ರು. ಒಂದೂರಲ್ಲಿ ಎದ್ರೆ ಪಕ್ಕದೂರು ಸುಮ್ಮನಿರ್ತಿರಲಿಲ್ಲ, ಹತ್ತಿರದ ಸೇಂಟ್ ತೆಗೊನೆಕ್‌ನೋರ ಕಲ್ವಾರಿ 1610ರದ್ದು.

ಕಲ್ಲಿನ ಹೆಸರು ಕೆರ್ಸಾಂಟೋನ್, ಬ್ರೆಸ್ಟ್ ಕೊಲ್ಲಿ ಕಡೆಯದ್ದು, ಕಪ್ಪು ಬೂದಿ ಬಣ್ಣ, ನುಣುಪು ಕಣ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತೆ ಅಂತಾರೆ, ಅದಕ್ಕೇ ಕಾಲರಿನ ಮಡಿಕೆ ತನಕ ಉಳಿದಿದೆ. ನನಗೆ ಅದು ಸಿಗೋ ಹಾಗಿಲ್ಲ, ಸ್ಲೇಟಲ್ಲಿ ಬರೆಯೋ ಬಳಪ ಸಿಕ್ತು! ಕಂಪಾಸ್ ಮೊನೆಯಿಂದ ಗೀರಿದ್ರೆ ಬೆಣ್ಣೆ ಥರ ಬರುತ್ತೆ, ಆದ್ರೆ ಕತ್ತಿನ ಹತ್ರ ಸ್ವಲ್ಪ ಜಾಸ್ತಿ ಒತ್ತಿದ್ರೂ ಪಟ್ ಅಂತ ಮುರಿಯುತ್ತೆ. ಈ ತಿಂಗಳು 12 ತಲೆ ಹೋದವು. ಈಗ ಮೊದಲು ಬೆನ್ನಿಗೆ ಫೆವಿಕಾಲ್ ಹಚ್ಚಿ ಕಾರ್ಡ್‌ಬೋರ್ಡಿಗೆ ಅಂಟಿಸಿ ಒಂದು ರಾತ್ರಿ ಬಿಟ್ಟು ಆಮೇಲೆ ಮುಖ ಕೆತ್ತೋದು, ಹಾಗೆ ಮಾಡಿದ ಮೇಲೆ ಒಂದೂ ಮುರಿದಿಲ್ಲ.

ಫೋಟೋಗಳನ್ನ ಕಥೆಯ ಪ್ರಕಾರ ಜೋಡಿಸಿ ಸಾಲು ಹಾಕಿದ್ದು ತಪ್ಪಾಯ್ತು, ಅಲ್ಲಿ ದೃಶ್ಯಗಳು ಕಥೆಯ ಕ್ರಮದಲ್ಲಿಲ್ಲ, ಹಿಂದೆಮುಂದೆ ಇವೆ, ಹಾಗಾಗಿ ಎರಡು ಬದಿ ಕಿತ್ತು ಮತ್ತೆ ಅಂಟಿಸ್ದೆ. ಬೇಜಾರೇನಿಲ್ಲ, ಕಿತ್ತಾಗಲೇ ಒಂದೊಂದನ್ನೂ ಸರಿಯಾಗಿ ನೋಡಿದ್ದು. ಯೇಸುವನ್ನ ಹಿಡಿಯೋ ಸೈನಿಕರು ರೋಮನ್ನರ ಥರ ಇಲ್ವೇ ಇಲ್ಲ, ಉಬ್ಬಿದ ಚಡ್ಡಿ, ಕತ್ತಿಗೆ ನಿರಿಗೆ ಕಾಲರು, ಅಂದ್ರೆ ಶಿಲ್ಪಿ ಕಣ್ಮುಂದೆ ಓಡಾಡ್ತಿದ್ದ ಜನರ ಉಡುಪು. ನನಗೆ ಇಡೀ ಕಲ್ವಾರಿಯಲ್ಲಿ ಅದೇ ಪ್ರಾಣ ಅನ್ಸುತ್ತೆ.

ಕಲ್ವಾರಿಯಲ್ಲಿರೋ ಕಾಟೆಲ್ ಗೊಲೆಟ್ ಗೊಂಬೆ ಮಾತ್ರ ಇನ್ನೂ ಒಪ್ಪೋ ಹಾಗೆ ಆಗಿಲ್ಲ. ಬ್ರಿಟನಿಯವರ ಬ್ರೆಟನ್ ಭಾಷೇಲಿ ಅಂದ್ರೆ 'ಕಳೆದುಹೋದ ಕಾಟೆಲ್', ಕುಣಿತದ ಹುಚ್ಚಿದ್ದ ಹುಡುಗಿ, ದೆವ್ವದ ಮಾತಿಗೆ ಬಿದ್ದು ಪರಮಪ್ರಸಾದ, ಅಂದ್ರೆ ಚರ್ಚಿನ ಪೂಜೇಲಿ ಕೊಡೋ ಪವಿತ್ರ ರೊಟ್ಟಿ, ಕದ್ದಳು ಅಂತ ಕಥೆ. ದೆವ್ವಗಳು ಅವಳನ್ನ ನರಕದ ಬಾಯಿಗೆ ಎಳೀತಿವೆ. ನರಕದ ಬಾಯಿ ಚೆನ್ನಾಗಿ ಬಂತು, ಹಲ್ಲು ಸಮೇತ. ಅವಳ ಮುಖದಲ್ಲಿ ಬರೀ ಭಯ ಬರ್ತಿದೆ, ನಾಲ್ಕನೇ ಸಲ ಕೆತ್ತಬೇಕು, ಅವಳ ಮೇಲೆ ನನಗೆ ತುಂಬಾ ಮರುಕ ಇದೆ, ಅದೂ ಕಾಣಬೇಕು.

ಇದು ಮುಗಿದ ಮೇಲೆ ಅದೇ ಚರ್ಚಿಗೆ 1606ರಿಂದ 1617ರ ತನಕ ಕಟ್ಟಿದ ದಕ್ಷಿಣದ ಬಾಗಿಲ ಮಂಟಪ ಮಾಡ್ಬೇಕು, ಒಳಗೆ ಸಾಲಾಗಿ ಅಪೊಸ್ತಲರು, ಅಂದ್ರೆ ಯೇಸುವಿನ ಶಿಷ್ಯರು. ಅಪ್ಪ ಆಗಲೇ ಎರಡು ಡಬ್ಬಿ ಬಳಪ ತಂದಿಟ್ಟಿದಾರೆ.